ಗುಣಾತ್ಮಕ ದತ್ತಾಂಶದ ವಿಶ್ಲೇಷಣೆಯಲ್ಲಿ ತಂತ್ರಾಂಶದ ಬಳಕೆ: ಕನ್ನಡ ಕ್ಷೇತ್ರಕಾರ್ಯದ ಹಿನ್ನೆಲೆಯಲ್ಲಿ ಒಂದು ಪ್ರವೇಶಿಕೆ

1. ಪೀಠಿಕೆ

ಕನ್ನಡ ಸಂಶೋಧನೆಯಲ್ಲಿ ಕ್ಷೇತ್ರಕಾರ್ಯಕ್ಕೆ ದೀರ್ಘವಾದ ಪರಂಪರೆಯಿದೆ. ಜಾನಪದ, ಉಪಭಾಷಾ ಅಧ್ಯಯನ, ಮಹಿಳಾ ಅಧ್ಯಯನ, ಸ್ಥಳೀಯ ಚರಿತ್ರೆ, ಬುಡಕಟ್ಟು ಅಧ್ಯಯನ ಮುಂತಾದ ಶಾಖೆಗಳಲ್ಲಿ ಜನರ ಮಾತೇ ಮುಖ್ಯ ಆಕರ. ಈ ಆಕರವನ್ನು ಸಂಗ್ರಹಿಸುವ ವಿಧಾನವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಪ್ರಶ್ನಾವಳಿಯ ಸಿದ್ಧತೆ, ವಕ್ತೃಗಳ ಆಯ್ಕೆ, ಧ್ವನಿಮುದ್ರಣ ಇವೆಲ್ಲ ಸಂಶೋಧನಾ ಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ತಪ್ಪದೆ ಪ್ರಸ್ತಾಪವಾಗುತ್ತವೆ. ಆದರೆ ಸಂಗ್ರಹಿಸಿದ ನೂರಾರು ಪುಟಗಳ ಸಾಮಗ್ರಿಯಿಂದ ತೀರ್ಮಾನಗಳವರೆಗೆ ಸಂಶೋಧಕರು ಕ್ರಮಿಸಿದ ದಾರಿ ಮಾತ್ರ ಓದುಗರಿಗೆ ಕಾಣುವುದು ವಿರಳ.

'ಬಹುಪಾಲು ವಕ್ತೃಗಳ ಅಭಿಪ್ರಾಯದಂತೆ' ಎಂಬ ಮಾತು ಪ್ರಬಂಧಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಎಷ್ಟು ಮಂದಿಯಲ್ಲಿ ಎಷ್ಟು ಮಂದಿ, ಯಾವ ಸಂದರ್ಭದಲ್ಲಿ, ಯಾವ ಮಾತುಗಳಲ್ಲಿ ಹಾಗೆ ಹೇಳಿದರು, ಅದಕ್ಕೆ ವಿರುದ್ಧವಾಗಿ ಹೇಳಿದವರ ಮಾತು ಏನಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಇದು ಸಂಶೋಧಕರ ಪ್ರಾಮಾಣಿಕತೆಯ ಕೊರತೆಯಲ್ಲ. ನೆನಪನ್ನೂ ಅಂಚುಟಿಪ್ಪಣಿಗಳನ್ನೂ ನಂಬಿ ದೊಡ್ಡ ಪ್ರಮಾಣದ ಸಾಮಗ್ರಿಯನ್ನು ನಿಭಾಯಿಸುವಾಗ ಎದ್ದು ಕಾಣುವ ಮಾತುಗಳು ಉಳಿದು, ಉಳಿದವು ಮರೆಗೆ ಸರಿಯುವುದು ಸಹಜ. ಈ ಹಿನ್ನೆಲೆಯಲ್ಲಿ ಗುಣಾತ್ಮಕ ದತ್ತಾಂಶದ ವಿಶ್ಲೇಷಣೆಗೆಂದೇ ರೂಪುಗೊಂಡ ತಂತ್ರಾಂಶಗಳ ಸ್ವರೂಪವನ್ನೂ, ಕನ್ನಡ ಸಾಮಗ್ರಿಯೊಂದಿಗೆ ಅವುಗಳನ್ನು ಬಳಸಲು ತೊಡಗುವವರು ಗಮನಿಸಬೇಕಾದ ಅಂಶಗಳನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ವಿವರಣೆಯ ಅನುಕೂಲಕ್ಕಾಗಿ, ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಇಪ್ಪತ್ತು ಸಂದರ್ಶನಗಳನ್ನು ಆಧರಿಸಿ 'ಹಾಡುಗಾರಿಕೆ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಹೇಗೆ ದಾಟುತ್ತದೆ' ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಅಧ್ಯಯನವೊಂದನ್ನು ಮಾದರಿಯಾಗಿ ಕಲ್ಪಿಸಿಕೊಳ್ಳಲಾಗಿದೆ.

2. ಹಿನ್ನೆಲೆ: ಚೀಟಿಯಿಂದ ತಂತ್ರಾಂಶದವರೆಗೆ

ಈ ತಂತ್ರಾಂಶಗಳು ಮಾಡುವ ಕೆಲಸ ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ಒಂದು ಪದ ಎಲ್ಲೆಲ್ಲಿ, ಯಾವ ಅರ್ಥದಲ್ಲಿ ಪ್ರಯೋಗವಾಗಿದೆ ಎಂಬುದನ್ನು ಚೀಟಿಗಳಲ್ಲಿ ಬರೆದು, ಅವುಗಳನ್ನು ವಿಂಗಡಿಸಿ, ಅರ್ಥಚ್ಛಾಯೆಗಳನ್ನು ನಿರ್ಣಯಿಸುವ ಕ್ರಮ ನಿಘಂಟು ರಚನೆಯಲ್ಲಿ ರೂಢಿಯಲ್ಲಿದೆ. ಎಂಟು ಸಂಪುಟಗಳಲ್ಲಿ 1970ರಿಂದ 1995ರವರೆಗೆ ಪ್ರಕಟವಾದ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಹಿಂದೆ ಇದ್ದುದು ಇಂತಹ ಪ್ರಯೋಗ ಸಂಗ್ರಹವೇ. ಪ್ರಾಚೀನ ಕಾವ್ಯಗಳಿಗೆ ಪದಸೂಚಿಗಳನ್ನು ಸಿದ್ಧಪಡಿಸುವಲ್ಲಿಯೂ ಆಕರದಿಂದ ತುಣುಕನ್ನು ಬಿಡಿಸಿ, ಅದರ ಮೂಲಸ್ಥಾನವನ್ನು ಗುರುತಿಸಿಟ್ಟು, ಹೊಸ ಕ್ರಮದಲ್ಲಿ ಜೋಡಿಸುವ ಇದೇ ತತ್ತ್ವ ಕೆಲಸಮಾಡುತ್ತದೆ.

ಸಮಾಜವಿಜ್ಞಾನಗಳಲ್ಲಿ ಈ ಬಗೆಯ ವಿಶ್ಲೇಷಣೆಗೆ ಗಟ್ಟಿಯಾದ ತಾತ್ತ್ವಿಕ ನೆಲೆ ಒದಗಿದ್ದು 1967ರಲ್ಲಿ. ಬಾರ್ನಿ ಗ್ಲೇಸರ್ ಮತ್ತು ಆನ್‌ಸೆಲ್ಮ್ ಸ್ಟ್ರಾಸ್ ಆ ವರ್ಷ ಪ್ರಕಟಿಸಿದ ಕೃತಿಯಲ್ಲಿ, ಸಿದ್ಧಾಂತವನ್ನು ಮೊದಲೇ ಇಟ್ಟುಕೊಂಡು ಸಾಮಗ್ರಿಯಲ್ಲಿ ಅದಕ್ಕೆ ನಿದರ್ಶನ ಹುಡುಕುವ ಬದಲು, ಸಾಮಗ್ರಿಯನ್ನು ನಿರಂತರವಾಗಿ ಹೋಲಿಸುತ್ತ ಅದರೊಳಗಿಂದಲೇ ಸಿದ್ಧಾಂತವನ್ನು ಕಟ್ಟುವ ಮಾರ್ಗವನ್ನು ಪ್ರತಿಪಾದಿಸಿದರು. ಈ ಹೋಲಿಕೆಯ ಶ್ರಮವನ್ನು ಗಣಕಯಂತ್ರಕ್ಕೆ ವಹಿಸುವ ಪ್ರಯತ್ನಗಳು 1980ರ ದಶಕದಲ್ಲಿ ಆರಂಭವಾದವು. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಲಿನ್ ರಿಚರ್ಡ್ಸ್ ಮತ್ತು ಟಾಮ್ ರಿಚರ್ಡ್ಸ್ ರೂಪಿಸಿದ ತಂತ್ರಾಂಶದ ಪರಂಪರೆಯಿಂದಲೇ 1999ರಲ್ಲಿ ಎನ್‌ವಿವೋ ಹೊರಬಂದಿತು. ಜರ್ಮನಿಯಲ್ಲಿ ಉಡೋ ಕುಕಾರ್ಟ್ಸ್ ಅವರು 1989ರಲ್ಲಿ ಹೊರತಂದ ತಂತ್ರಾಂಶವು ಮುಂದೆ ಮ್ಯಾಕ್ಸ್‌ಕ್ಯೂಡಿಎ ಆಯಿತು. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಯೋಜನೆಯೊಂದರಿಂದ ಅಟ್ಲಾಸ್ ಟಿಐ ಬೆಳೆಯಿತು. ಗಣಿತಜ್ಞರ ಅಥವಾ ಸಂಖ್ಯಾಶಾಸ್ತ್ರಜ್ಞರ ಅಗತ್ಯಗಳಿಂದ ಹುಟ್ಟಿದವುಗಳಲ್ಲ ಇವು. ಸಂದರ್ಶನಗಳ ರಾಶಿಯ ಮುಂದೆ ಕುಳಿತ ಸಂಶೋಧಕರ ಅಗತ್ಯಗಳಿಂದ ಹುಟ್ಟಿದವು ಎಂಬುದು ಗಮನಾರ್ಹ.

3. ತಂತ್ರಾಂಶದ ಕೆಲಸದ ವ್ಯಾಪ್ತಿ

ಹೊಸದಾಗಿ ತೊಡಗುವವರಲ್ಲಿ ಒಂದು ತಪ್ಪು ನಿರೀಕ್ಷೆ ಸಾಮಾನ್ಯ. ಸಂಖ್ಯಾತ್ಮಕ ಮಾಹಿತಿಯನ್ನು ಕೊಟ್ಟೊಡನೆ ಫಲಿತಾಂಶ ನೀಡುವ ತಂತ್ರಾಂಶಗಳಂತೆ ಇವೂ ಸಂದರ್ಶನಗಳನ್ನು 'ವಿಶ್ಲೇಷಿಸಿ' ಕೊಡುತ್ತವೆ ಎಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಇವುಗಳ ಮೂಲಭೂತ ಕಾರ್ಯಗಳು ನಾಲ್ಕು: ಎಲ್ಲ ಆಕರಗಳನ್ನು ಒಂದೆಡೆ ಇಡುವುದು, ಪಠ್ಯದ ಯಾವುದೇ ಭಾಗಕ್ಕೆ ಸಂಶೋಧಕರು ಕೊಟ್ಟ ಹೆಸರನ್ನು ಅಂಟಿಸುವುದು, ಒಂದೇ ಹೆಸರಿನ ಎಲ್ಲ ಭಾಗಗಳನ್ನು ಅವುಗಳ ಮೂಲಸ್ಥಾನದ ಸಹಿತ ಒಟ್ಟಿಗೆ ತೋರಿಸುವುದು, ಆಯಾ ಹಂತದ ಆಲೋಚನೆಗಳನ್ನು ಟಿಪ್ಪಣಿಯಾಗಿ ಉಳಿಸಿಕೊಳ್ಳಲು ಅವಕಾಶ ಕೊಡುವುದು. ಈ ನಾಲ್ಕನೆಯದು ಎಲ್ಲ ತಂತ್ರಾಂಶಗಳಲ್ಲೂ ಇರುವುದಿಲ್ಲ.

ಪಠ್ಯಭಾಗಕ್ಕೆ ಹೀಗೆ ಕೊಡುವ ಹೆಸರನ್ನು 'ಸಂಕೇತ' ಎಂದೂ, ಕೊಡುವ ಕ್ರಿಯೆಯನ್ನು 'ಸಂಕೇತೀಕರಣ' ಎಂದೂ ಕರೆಯಬಹುದು. ಯಾವ ಭಾಗಕ್ಕೆ ಯಾವ ಸಂಕೇತ ಎಂಬ ನಿರ್ಣಯ ಸಂಶೋಧಕರದು. ತಂತ್ರಾಂಶವು ಮರೆಯದ ಗುಮಾಸ್ತನೇ ಹೊರತು ವಿಮರ್ಶಕನಲ್ಲ. ಆದರೆ ಮರೆಯದಿರುವುದೇ ಇಲ್ಲಿ ದೊಡ್ಡ ಗುಣ. ತೀರ್ಮಾನವೊಂದನ್ನು ಬರೆಯುವಾಗ ಅದಕ್ಕೆ ಪೂರಕವಾದ ಮತ್ತು ವಿರುದ್ಧವಾದ ಎಲ್ಲ ಮಾತುಗಳೂ ಕಣ್ಣೆದುರಿಗೆ ಬರುವುದರಿಂದ, ಅನುಕೂಲವಾದುದನ್ನು ಮಾತ್ರ ಆರಿಸಿಕೊಳ್ಳುವ ಅವಕಾಶ ಕಡಿಮೆಯಾಗುತ್ತದೆ.

4. ಕನ್ನಡ ಪಠ್ಯದ ಸಿದ್ಧತೆ

ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಸಂಕೇತೀಕರಣದಿಂದಲೇ ಆರಂಭವಾಗುತ್ತವೆ. ಕನ್ನಡದಲ್ಲಿ ಕೆಲಸಮಾಡುವವರು ಅದಕ್ಕೂ ಮೊದಲು ನಾಲ್ಕು ವಿಷಯಗಳನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಇಲ್ಲಿ ಮಾಡಿದ ಅಲಕ್ಷ್ಯವನ್ನು ಮುಂದಿನ ಯಾವ ಹಂತದಲ್ಲಿಯೂ ಸುಲಭವಾಗಿ ಸರಿಪಡಿಸಲಾಗುವುದಿಲ್ಲ.

ಮೊದಲನೆಯದು ಅಕ್ಷರ ಸಂಗ್ರಹದ ಕ್ರಮ. ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದೊಳಗೆ ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸರಣಿಯಾಗಿಯೇ ಉಳಿದಿರುತ್ತದೆ. ಅಂತಹ ಕಡತವನ್ನು ವಿಶ್ಲೇಷಣಾ ತಂತ್ರಾಂಶಕ್ಕೆ ಸೇರಿಸಿದರೆ ಅರ್ಥವಾಗದ ಅಕ್ಷರರಾಶಿ ಎದುರಾಗುತ್ತದೆ. ಆದ್ದರಿಂದ ಪಠ್ಯವೆಲ್ಲ ಯೂನಿಕೋಡ್‌ಗೆ ಪರಿವರ್ತನೆಯಾಗಿರಬೇಕು. ಪರಿವರ್ತಕಗಳು ಲಭ್ಯವಿದ್ದರೂ ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಜಾಗದಲ್ಲಿ ದೋಷಗಳು ಉಳಿಯಬಹುದು. ಪರಿವರ್ತಿತ ಪಠ್ಯವನ್ನು ಮೂಲದೊಡನೆ ಹೋಲಿಸಿ ಓದುವುದು ಅನಿವಾರ್ಯ. ಪಿಡಿಎಫ್ ಕಡತಗಳಿಂದ ಕನ್ನಡ ಪಠ್ಯವನ್ನು ತೆಗೆಯುವಾಗ ಅಕ್ಷರಗಳ ಅನುಕ್ರಮ ಕೆಡುವುದುಂಟು. ಆದುದರಿಂದ ಸಾಧ್ಯವಾದಲ್ಲೆಲ್ಲ ಪಿಡಿಎಫ್‌ನ ಬದಲು ಮೂಲ ಪಠ್ಯ ಕಡತವನ್ನೇ ಬಳಸುವುದು ಲೇಸು.

ಎರಡನೆಯದು ಯೂನಿಕೋಡ್‌ನೊಳಗೇ ಇರುವ ಸೂಕ್ಷ್ಮ. 'ೋ' ಎಂಬ ಸ್ವರಚಿಹ್ನೆಯನ್ನು ಒಂದೇ ಅಕ್ಷರಸಂಖ್ಯೆಯಾಗಿ ದಾಖಲಿಸಬಹುದು. 'ೊ' ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಖ್ಯೆಗಳಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗಬಹುದು. ಒತ್ತಕ್ಷರವನ್ನು ಬಿಡಿಸಿ ತೋರಿಸಲು ಬಳಸುವ ಅದೃಶ್ಯ ಚಿಹ್ನೆಗಳದೂ ಇದೇ ಸಮಸ್ಯೆ. ಬೇರೆ ಬೇರೆ ವ್ಯಕ್ತಿಗಳು ಬೇರೆ ಬೇರೆ ಕೀಲಿಮಣೆಗಳಿಂದ ಬೆರಳಚ್ಚು ಮಾಡಿದಾಗ ಇದು ಹೆಚ್ಚುತ್ತದೆ. ಎಲ್ಲ ಕಡತಗಳನ್ನೂ ಎನ್‌ಎಫ್‌ಸಿ ಎಂಬ ಪ್ರಮಾಣ ರೂಪಕ್ಕೆ ಒಮ್ಮೆ ಪರಿವರ್ತಿಸಿಕೊಂಡರೆ ಸ್ವರಚಿಹ್ನೆಯ ತೊಡಕು ನಿವಾರಣೆಯಾಗುತ್ತದೆ. ಅದೃಶ್ಯ ಚಿಹ್ನೆಗಳನ್ನು ಮಾತ್ರ ಬೇರೆಯಾಗಿ ಪರಿಶೀಲಿಸಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಆಡುಮಾತಿನ ಬರಹರೂಪ. ಚಾಮರಾಜನಗರದ ಸೀಮೆಯ ಆಡುನುಡಿಯಲ್ಲಿ ಪದಾದಿಯ ಹಕಾರ ಲೋಪವಾಗುವುದು ತಿಳಿದ ಸಂಗತಿ. ಉದಾಹರಣೆಗಾಗಿ ಕಲ್ಪಿಸಿಕೊಂಡ ಒಂದು ವಾಕ್ಯವನ್ನು ಗಮನಿಸಬಹುದು: 'ನಮ್ಮಪ್ಪ ಆಡ್ತಿದ್ರು, ನಾನು ಇಂದೆ ಸೊಲ್ಲು ಇಡೀತಿದ್ದೆ, ಕೂರಿಸ್ಕಂಡು ಯಾರೂ ಏಳ್ಕೊಡ್ನಿಲ್ಲ.' ಇಲ್ಲಿ 'ಹಾಡು' ಎಂಬುದು 'ಆಡು' ಆಗಿದೆ, 'ಹೇಳು' ಎಂಬುದು 'ಏಳು' ಆಗಿದೆ. 'ಹಾಡು' ಎಂದು ಹುಡುಕುವ ಸಂಶೋಧಕರಿಗೆ ಈ ವಾಕ್ಯ ಸಿಗುವುದಿಲ್ಲ. 'ಆಡು' ಎಂದು ಹುಡುಕಿದರೆ ಆಟದ ಮಾತೂ ಮೇಕೆಯ ಮಾತೂ ಜೊತೆಗೆ ಬರುತ್ತವೆ. ಈ ತೊಂದರೆಯಿಂದ ಪಾರಾಗಲು ಇಡೀ ಸಂದರ್ಶನವನ್ನು ಶಿಷ್ಟ ಕನ್ನಡಕ್ಕೆ ತಿದ್ದಿಬಿಡುವ ರೂಢಿ ಇದೆ. 'ನಮ್ಮ ತಂದೆಯವರು ಹಾಡುತ್ತಿದ್ದರು, ನಾನು ಹಿಮ್ಮೇಳದಲ್ಲಿರುತ್ತಿದ್ದೆ, ಯಾರೂ ಕ್ರಮವಾಗಿ ಬೋಧಿಸಲಿಲ್ಲ' ಎಂದು ತಿದ್ದಿದೊಡನೆ 'ಸೊಲ್ಲು ಹಿಡಿಯುವುದು' ಎಂಬ ಪರಿಕಲ್ಪನೆಯೇ ಮಾಯವಾಗುತ್ತದೆ. ಪ್ರಸ್ತುತ ಮಾದರಿ ಅಧ್ಯಯನದ ಪ್ರಶ್ನೆಗೆ ಉತ್ತರ ಅಡಗಿರುವುದೇ ಆ ಪರಿಕಲ್ಪನೆಯಲ್ಲಿ. ಆದುದರಿಂದ ಮಾತನ್ನು ಆಡಿದಂತೆಯೇ ಬರೆದುಕೊಂಡು, ಹುಡುಕಾಟಕ್ಕೆ ಬೇಕಾದ ಶಿಷ್ಟರೂಪಗಳನ್ನು ಪಠ್ಯದಲ್ಲಿ ತುರುಕದೆ ಸಂಕೇತಗಳ ಮೂಲಕ ಒದಗಿಸಿಕೊಳ್ಳುವುದು ಸೂಕ್ತ. ಈ ವಾಕ್ಯಕ್ಕೆ 'ಹಾಡುಗಾರಿಕೆಯ ಕಲಿಕೆ' ಎಂಬ ಸಂಕೇತವನ್ನು ಕೊಟ್ಟರೆ, ವಕ್ತೃ ಯಾವ ಉಚ್ಚಾರಣೆಯಲ್ಲಿ ಹೇಳಿದ್ದರೂ ಅದು ಮರಳಿ ಸಿಗುತ್ತದೆ.

ನಾಲ್ಕನೆಯದು ಕಡತಗಳ ಶಿಸ್ತು. ಪ್ರತಿ ಸಂದರ್ಶನಕ್ಕೂ ಒಂದು ಕ್ರಮಸಂಖ್ಯೆ, ದಿನಾಂಕ, ಸ್ಥಳ, ಧ್ವನಿಮುದ್ರಣ ಕಡತದ ಹೆಸರು ಇರಬೇಕು. ಪಠ್ಯದ ನಡುವೆ ಆಗಾಗ ಧ್ವನಿಮುದ್ರಣದ ಕಾಲಸೂಚನೆ ಇರಬೇಕು. ಬರಹರೂಪವೆಂಬುದು ಈಗಾಗಲೇ ಒಂದು ವ್ಯಾಖ್ಯಾನ. ಸಂದೇಹ ಬಂದಾಗ ಮರಳಬೇಕಾದುದು ಧ್ವನಿಗೆ. ಸಂಕೇತವು ಪಠ್ಯದ ಎಷ್ಟನೆಯ ಅಕ್ಷರದಿಂದ ಎಷ್ಟನೆಯ ಅಕ್ಷರದವರೆಗೆ ಅನ್ವಯಿಸುತ್ತದೆ ಎಂಬುದನ್ನು ತಂತ್ರಾಂಶಗಳು ಸಾಮಾನ್ಯವಾಗಿ ಸಂಖ್ಯೆಗಳಲ್ಲಿ ನೆನಪಿಡುವುದರಿಂದ, ಮೂಲ ಪಠ್ಯವನ್ನು ಆಮೇಲೆ ತಿದ್ದುವುದು ಕೆಲವುದರಲ್ಲಿ ಅಸಾಧ್ಯ, ಕೆಲವುದರಲ್ಲಿ ಅಪಾಯಕರ. ಕರಡು ತಿದ್ದುವ ಕೆಲಸವೆಲ್ಲ ಪಠ್ಯವನ್ನು ಸೇರಿಸುವ ಮುನ್ನವೇ ಮುಗಿದಿರಬೇಕು.

5. ಸಂಕೇತೀಕರಣದ ಕ್ರಮ

ಮೊದಲ ದಿನವೇ ಇಪ್ಪತ್ತು ಸಂದರ್ಶನಗಳನ್ನೂ ತಂತ್ರಾಂಶಕ್ಕೆ ಸೇರಿಸಿ ಸಂಕೇತಗಳನ್ನು ಕೊಡತೊಡಗುವುದು ಫಲಕಾರಿಯಲ್ಲ. ಮೂರು ಭಿನ್ನ ಸ್ವರೂಪದ ಸಂದರ್ಶನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು: ಹಿರಿಯ ಹಾಡುಗಾರರೊಬ್ಬರದು, ಈಚೆಗೆ ದೀಕ್ಷೆ ಪಡೆದವರೊಬ್ಬರದು, ಹಾಡುವುದನ್ನು ಬಿಟ್ಟವರೊಬ್ಬರದು. ಇವನ್ನು ಸಂಕೇತವಿಲ್ಲದೆ ಒಮ್ಮೆ ಪೂರ್ತಿಯಾಗಿ ಓದಬೇಕು. ಸಾಧ್ಯವಾದರೆ ಧ್ವನಿಮುದ್ರಣವನ್ನು ಕೇಳುತ್ತಲೇ ಓದಬೇಕು. ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ನಿರೂಪಿಸಿದ ಆಶಯಾಧಾರಿತ ವಿಶ್ಲೇಷಣೆಯ ಆರು ಹಂತಗಳಲ್ಲಿ ಮೊದಲನೆಯದು ಸಾಮಗ್ರಿಯೊಡನೆ ಇಂತಹ ಒಡನಾಟವೇ. ಅನಂತರ ಆರಂಭಿಕ ಸಂಕೇತಗಳು, ಆಶಯಗಳ ಹುಡುಕಾಟ, ಅವುಗಳ ಮರುಪರಿಶೀಲನೆ, ವ್ಯಾಖ್ಯೆ ಮತ್ತು ನಾಮಕರಣ, ಕೊನೆಗೆ ಬರವಣಿಗೆ.

ಆರಂಭಿಕ ಸಂಕೇತಗಳಲ್ಲಿ ಎರಡು ಬಗೆ. ವಕ್ತೃಗಳ ಮಾತಿನಿಂದಲೇ ಎತ್ತಿಕೊಂಡವು ಒಂದು ಬಗೆ: 'ಸೊಲ್ಲು ಹಿಡಿಯುವುದು', 'ಅಪ್ಪನ ಬೆನ್ನ ಹಿಂದೆ'. ಸಂಶೋಧಕರ ಪರಿಭಾಷೆಯಿಂದ ಬಂದವು ಇನ್ನೊಂದು ಬಗೆ: 'ಅನುಕರಣೆಯ ಕಲಿಕೆ', 'ದೀಕ್ಷಾಪೂರ್ವ ತರಬೇತಿ', 'ವೇದಿಕೆಯ ಪ್ರಭಾವ'. ಮೊದಲ ಸುತ್ತಿನಲ್ಲಿ ಮೊದಲ ಬಗೆಯವೇ ಹೆಚ್ಚಾಗಿರುವುದು ಆರೋಗ್ಯಕರ. ಪರಿಭಾಷೆಯು ಬೇಗ ಬಂದಷ್ಟೂ ಸಾಮಗ್ರಿಯು ಅದರ ಅಚ್ಚಿಗೆ ಬೀಳುತ್ತದೆ. ಪರಂಪರೆ, ಆಧುನಿಕತೆ, ಅಸ್ಮಿತೆ ಮುಂತಾದ ದೊಡ್ಡ ಪದಗಳನ್ನು ಸಂಕೇತಗಳಾಗಿ ಬಳಸಿದರೆ ಇಡೀ ಸಂದರ್ಶನವೇ ಅವುಗಳೊಳಗೆ ಸೇರಿಹೋಗಿ, ಹೋಲಿಸಲು ಏನೂ ಉಳಿಯುವುದಿಲ್ಲ.

ಪ್ರತಿ ಸಂಕೇತಕ್ಕೂ ಒಂದೆರಡು ವಾಕ್ಯಗಳ ವ್ಯಾಖ್ಯೆ ಅಗತ್ಯ. 'ಅನುಕರಣೆಯ ಕಲಿಕೆ' ಎಂಬುದಕ್ಕೆ 'ಉದ್ದೇಶಪೂರ್ವಕ ಬೋಧನೆಯಿಲ್ಲದೆ, ಜೊತೆಗೆ ಹಾಡುತ್ತ ಕಲಿತ ಸಂದರ್ಭಗಳು. ಧ್ವನಿಸುರುಳಿ ಕೇಳಿ ಕಲಿತದ್ದು ಇದರಲ್ಲಿ ಸೇರದು' ಎಂದು ಬರೆದಿಟ್ಟರೆ ಆರು ತಿಂಗಳ ನಂತರವೂ ಅದೇ ಅರ್ಥದಲ್ಲಿ ಬಳಸಲು ಸಾಧ್ಯ. ಇಂತಹ ವ್ಯಾಖ್ಯೆಗಳ ಪಟ್ಟಿಯೇ ಸಂಕೇತಕೋಶ. ಇದನ್ನು ಸಂಶೋಧನಾ ಪ್ರಬಂಧದ ಅನುಬಂಧದಲ್ಲಿ ಕೊಡುವ ಪದ್ಧತಿ ಕನ್ನಡದಲ್ಲಿಯೂ ಬೇರೂರಿದರೆ ಪರೀಕ್ಷಕರಿಗೂ ಮುಂದಿನ ಸಂಶೋಧಕರಿಗೂ ಉಪಯುಕ್ತ. ಸಂಕೇತಗಳ ಹೆಸರುಗಳ ಹಿಂದೆ ಅಂಕಿಗಳನ್ನು ಇಡುವುದೂ ಒಳ್ಳೆಯದು. ಯೂನಿಕೋಡ್‌ನ ಅನುಕ್ರಮದಲ್ಲಿ ಳಕಾರವು ಲಕಾರದ ನಂತರವೇ, ವಕಾರಕ್ಕಿಂತ ಮೊದಲೇ ಬರುವುದರಿಂದ, ಅದನ್ನೇ ಅನುಸರಿಸುವ ತಂತ್ರಾಂಶಗಳ ಪಟ್ಟಿಗಳು ಕನ್ನಡ ವರ್ಣಮಾಲೆಯ ಕ್ರಮದಲ್ಲಿರುವುದಿಲ್ಲ.

ಮೂರು ಸಂದರ್ಶನಗಳಿಂದ ನಲವತ್ತು ಐವತ್ತು ಸಂಕೇತಗಳು ಹುಟ್ಟುವುದು ಅಸಹಜವಲ್ಲ. ಆ ಹಂತದಲ್ಲಿ ನಿಂತು, ಒಂದೇ ಅರ್ಥದವನ್ನು ಕೂಡಿಸಿ, ಎರಡು ಅರ್ಥ ಹೊತ್ತವನ್ನು ಒಡೆದು, ಉಳಿದವನ್ನು ಕೆಲವೇ ಗುಂಪುಗಳಲ್ಲಿ ಜೋಡಿಸಬೇಕು. ಹೀಗೆ ಪರಿಷ್ಕೃತವಾದ ಸಂಕೇತಕೋಶದೊಡನೆ ಮೊದಲ ಮೂರನ್ನು ಮತ್ತೆ ಓದಿ, ಅನಂತರ ಉಳಿದ ಹದಿನೇಳನ್ನು ಕೈಗೆತ್ತಿಕೊಳ್ಳಬಹುದು. ಇದರ ಜೊತೆಜೊತೆಗೆ ದಿನಾಂಕ ಹಾಕಿದ ಟಿಪ್ಪಣಿಗಳು ಬೆಳೆಯುತ್ತಿರಬೇಕು. ಯಾವ ಸಂಕೇತವನ್ನು ಏಕೆ ಒಡೆಯಲಾಯಿತು, ಯಾವ ಮಾತು ನಿರೀಕ್ಷೆಗೆ ವಿರುದ್ಧವಾಗಿತ್ತು ಎಂಬ ದಾಖಲೆಯೇ ಮುಂದೆ ಪ್ರಬಂಧದ ವಾದಸರಣಿಯಾಗುತ್ತದೆ. ತಂತ್ರಾಂಶದಲ್ಲಿ ಟಿಪ್ಪಣಿಯ ಸೌಲಭ್ಯವಿಲ್ಲದಿದ್ದರೆ ಒಂದು ನೋಟುಪುಸ್ತಕವೇ ಸಾಕು.

6. ಮರುಶೋಧ: ಎಣಿಕೆ ಮತ್ತು ಅರ್ಥ

ಎಲ್ಲ ಸಂದರ್ಶನಗಳಿಗೂ ಸಂಕೇತ ಕೊಟ್ಟ ಮೇಲೆ ತಂತ್ರಾಂಶದ ನಿಜವಾದ ಪ್ರಯೋಜನ ತಿಳಿಯುತ್ತದೆ. 'ಅನುಕರಣೆಯ ಕಲಿಕೆ' ಎಂಬ ಸಂಕೇತವನ್ನು ಆರಿಸಿದೊಡನೆ ಅದಕ್ಕೆ ಸಂಬಂಧಿಸಿದ ಎಲ್ಲ ಮಾತುಗಳು ಒಂದರ ಕೆಳಗೊಂದು ಬರುತ್ತವೆ. ಇವನ್ನು ಒಟ್ಟಿಗೆ ಓದಿದಾಗ ಬಿಡಿಬಿಡಿಯಾಗಿ ಕಾಣದ ವಿನ್ಯಾಸಗಳು ಕಾಣುತ್ತವೆ. ಹಿರಿಯರೆಲ್ಲ ರಾತ್ರಿಯಿಡೀ ನಡೆಯುತ್ತಿದ್ದ ಹಾಡುಗಾರಿಕೆಯನ್ನು ನೆನೆದರೆ, ಕಿರಿಯರು ಅರ್ಧ ಗಂಟೆಯ ವೇದಿಕೆ ಕಾರ್ಯಕ್ರಮಗಳನ್ನು ನೆನೆಯಬಹುದು. ಆಗ 'ಕಲಿಕೆಗೆ ಬೇಕಾದ ಕಾಲ' ಎಂಬ ಹೊಸ ಆಶಯ ಮೂಡಬಹುದು.

ಇಲ್ಲಿ ಸಂಖ್ಯೆಗಳ ಆಕರ್ಷಣೆಯ ಬಗ್ಗೆ ಎಚ್ಚರ ಅಗತ್ಯ. ಒಂದು ಸಂಕೇತ ಅರವತ್ತು ಬಾರಿ, ಇನ್ನೊಂದು ಮೂರು ಬಾರಿ ಬಂದಿದೆ ಎಂಬುದನ್ನು ತಂತ್ರಾಂಶ ಕ್ಷಣದಲ್ಲಿ ತೋರಿಸುತ್ತದೆ. ಅರವತ್ತರಲ್ಲಿ ನಲವತ್ತು ಒಬ್ಬರೇ ಮಾತುಗಾರ ವಕ್ತೃವಿನವು ಆಗಿರಬಹುದು. ಸಂಶೋಧಕರೇ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳೂ ತಾವಾಗಿ ಹೇಳಿದ ಮಾತುಗಳೂ ಸಮನಲ್ಲ. ಜಾತಿ, ಸಂಭಾವನೆ, ಮನೆಯೊಳಗಿನ ವಿರೋಧ ಮುಂತಾದ ವಿಷಯಗಳಲ್ಲಿ ಮೌನವೇ ಮುಖ್ಯವಾಗಿರಬಹುದು. ಮೌನಕ್ಕೆ ಸಂಕೇತ ತಾನಾಗಿ ಬೀಳುವುದಿಲ್ಲ. ಎಣಿಕೆಯನ್ನು ಕೊಡುವಾಗ ಎಷ್ಟು ಬಾರಿ ಎನ್ನುವುದಕ್ಕಿಂತ ಎಷ್ಟು ಮಂದಿ ಎನ್ನುವುದು ಹೆಚ್ಚು ಅರ್ಥಪೂರ್ಣ. ಸಾಮಾನ್ಯ ವಿನ್ಯಾಸಕ್ಕೆ ಹೊಂದದ ಒಬ್ಬಿಬ್ಬರ ಮಾತನ್ನು ಬಿಟ್ಟುಬಿಡದೆ, ಏಕೆ ಹೊಂದುವುದಿಲ್ಲ ಎಂದು ವಿವರಿಸುವುದರಿಂದ ತೀರ್ಮಾನ ದುರ್ಬಲವಾಗುವುದಿಲ್ಲ, ಬಲಗೊಳ್ಳುತ್ತದೆ.

ಪದಗಳ ಆವರ್ತನ ಪಟ್ಟಿಯೂ ಕನ್ನಡದಲ್ಲಿ ಮೋಸಗೊಳಿಸಬಲ್ಲದು. 'ಮನೆ', 'ಮನೆಯಲ್ಲಿ', 'ಮನೇಲಿ', 'ಮನ್ಯಾಗ' ಇವೆಲ್ಲ ತಂತ್ರಾಂಶಕ್ಕೆ ಬೇರೆ ಬೇರೆ ಪದಗಳು. ಸಮಾನ ಭಾಗವಾದ 'ಮನ' ಎಂಬುದನ್ನು ಹುಡುಕಿದರೆ 'ಮನಸ್ಸು', 'ಮನವಿ', 'ನಮನ' ಇವೂ ಬರುತ್ತವೆ. ವಿಭಕ್ತಿ, ಸಂಧಿ, ಉಪಭಾಷಾ ಭೇದಗಳು ದಟ್ಟವಾಗಿರುವ ನುಡಿಯಲ್ಲಿ ಪದಾವರ್ತನವು ಓದಿಗೆ ಸೂಚನೆಯಾಗಬಹುದೇ ಹೊರತು ಪುರಾವೆಯಾಗದು.

7. ತಂತ್ರಾಂಶದ ಆಯ್ಕೆ

ಹಿಂದೆ ಹೆಸರಿಸಿದ ಮೂರು ತಂತ್ರಾಂಶಗಳೂ ವಾಣಿಜ್ಯ ಸ್ವರೂಪದವು; ಸೌಲಭ್ಯಗಳು ಅಪಾರ, ಪರವಾನಗಿಯ ವೆಚ್ಚವೂ ಅಧಿಕ. ಕಲಿಕೆಯ ಆರಂಭಕ್ಕೆ ಉಚಿತವೂ ಮುಕ್ತವೂ ಆದ ಎರಡು ತಂತ್ರಾಂಶಗಳು ಸಾಕಾಗುತ್ತವೆ. ಟ್ಯಾಗೆಟ್ ಎಂಬುದು ಪಠ್ಯಕ್ಕೆ ಸಂಕೇತ ಕೊಡುವ, ಸಂಕೇತಿತ ಭಾಗಗಳನ್ನು ಒಟ್ಟಿಗೆ ತೋರಿಸುವ, ಅವುಗಳನ್ನೂ ಸಂಕೇತಕೋಶವನ್ನೂ ಬೇರೆ ಕಡತಗಳಾಗಿ ಕೊಡುವ ಸರಳ ಸಾಧನ; ಸ್ವಂತ ಗಣಕದಲ್ಲಿಯೇ ಸ್ಥಾಪಿಸಿಕೊಳ್ಳಬಹುದು. ಕ್ವಾಲ್‌ಕೋಡರ್ ಎಂಬುದು ಪಠ್ಯದ ಜೊತೆಗೆ ಚಿತ್ರ, ಧ್ವನಿ, ದೃಶ್ಯಗಳಿಗೂ ಸಂಕೇತ ಕೊಡಲು ಅವಕಾಶ ಮಾಡಿಕೊಡುತ್ತದೆ. ಟಿಪ್ಪಣಿ ಸೌಲಭ್ಯವೂ ಅದರಲ್ಲಿದೆ. ಹಾಡುಗಾರಿಕೆಯಂತಹ ಪ್ರದರ್ಶನವನ್ನು ಅಭ್ಯಾಸ ಮಾಡುವವರಿಗೆ ಎರಡನೆಯದು ಹೆಚ್ಚು ಹೊಂದುತ್ತದೆ.

ಯಾವುದನ್ನೇ ಆರಿಸಿದರೂ ಒಂದು ಪುಟದ ಕನ್ನಡ ಪಠ್ಯವನ್ನು ಸೇರಿಸಿ, ಸಂಕೇತ ಕೊಟ್ಟು, ಹುಡುಕಿ, ಹೊರತೆಗೆದು ನೋಡುವ ಪರೀಕ್ಷೆಯನ್ನು ಮೊದಲು ಮಾಡಬೇಕು. ಕೆಲಸವನ್ನು ಬೇರೊಂದು ತಂತ್ರಾಂಶಕ್ಕೆ ಒಯ್ಯಲು ಸಾಧ್ಯವೇ ಎಂಬುದನ್ನೂ ತಿಳಿದುಕೊಳ್ಳಬೇಕು. ಇದಕ್ಕಾಗಿಯೇ ರೆಫಿ-ಕ್ಯೂಡಿಎ ಎಂಬ ವಿನಿಮಯ ಮಾನದಂಡ ರೂಪುಗೊಂಡಿದೆ. ಐದು ವರ್ಷಗಳ ಪಿಎಚ್‌.ಡಿ. ಶ್ರಮವು ನವೀಕರಣಗೊಳ್ಳದ ಪರವಾನಗಿಯೊಂದರ ಹಿಂದೆ ಸಿಕ್ಕಿಬೀಳಬಾರದು.

8. ವಕ್ತೃಗಳ ಹಕ್ಕು

ಜಾನಪದ ಸಂಗ್ರಹದಲ್ಲಿ ಹಾಡುಗಾರರ ಹೆಸರನ್ನು ಕೊಡುವುದು ಗೌರವದ ಸಂಗತಿ. ಕಾವ್ಯ ಅವರದು, ಹೆಸರನ್ನು ಮರೆಮಾಡುವುದು ಅನ್ಯಾಯ. ಸಂದರ್ಶನದ ನೀತಿ ಇದಕ್ಕೆ ವ್ಯತಿರಿಕ್ತ. ಸಂಭಾವನೆಯ ಜಗಳ, ಜಾತಿಯ ಅವಮಾನ, ಮಠದೊಡನೆ ಇರುವ ಅಸಮಾಧಾನ ಇವನ್ನು ನಂಬಿಕೆಯಿಂದ ಹೇಳಿಕೊಂಡವರ ಗುರುತು ಹೊರಬಿದ್ದರೆ ಅದರ ಪರಿಣಾಮವನ್ನು ಅನುಭವಿಸುವವರು ಸಂಶೋಧಕರಲ್ಲ. ಆದ್ದರಿಂದ ಕಾವ್ಯಪಾಠವನ್ನೂ ಸಂದರ್ಶನವನ್ನೂ ಬೇರೆ ಬೇರೆ ಕಡತಗಳಲ್ಲಿಟ್ಟು, ಮೊದಲನೆಯದಕ್ಕೆ ಒಪ್ಪಿಗೆಯ ಮೇರೆಗೆ ನಿಜನಾಮವನ್ನೂ ಎರಡನೆಯದಕ್ಕೆ ಸಂಖ್ಯೆಯನ್ನೂ ಬಳಸಬಹುದು. ಸಣ್ಣ ಊರುಗಳಲ್ಲಿ ಊರಿನ ಹೆಸರು ಮತ್ತು ವಯಸ್ಸು ಸೇರಿದರೆ ಗುರುತು ತಾನಾಗಿ ತಿಳಿಯುತ್ತದೆ ಎಂಬುದನ್ನು ಮರೆಯಬಾರದು.

2023ರಿಂದೀಚೆಗೆ ಅಟ್ಲಾಸ್ ಟಿಐ, ಮ್ಯಾಕ್ಸ್‌ಕ್ಯೂಡಿಎ ಮೊದಲಾದವುಗಳಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಾರಾಂಶ ಅಥವಾ ಸಂಕೇತಗಳನ್ನು ಸೂಚಿಸುವ ಸೌಲಭ್ಯ ಬಂದಿದೆ. ಇದನ್ನು ಬಳಸುವಾಗ ಪಠ್ಯವು ಸಂಶೋಧಕರ ಗಣಕವನ್ನು ಬಿಟ್ಟು ಹೊರಗಿನ ಸೇವೆಗೆ ಹೋಗಬಹುದು. ವಕ್ತೃಗಳು ಅದಕ್ಕೆ ಒಪ್ಪಿರುವರೇ ಎಂಬ ಪ್ರಶ್ನೆ ಮೊದಲನೆಯದು. 'ಏಳ್ಕೊಡ್ನಿಲ್ಲ' ಎಂಬ ಮಾತನ್ನು ಅದು ಸರಿಯಾಗಿ ಗ್ರಹಿಸಿತೇ ಎಂಬುದು ಎರಡನೆಯದು. ಸಂಶೋಧಕರೇ ಓದಿ ಪರಿಶೀಲಿಸದ ಸೂಚನೆಯನ್ನು ಸಂಕೇತವಾಗಿ ಸ್ವೀಕರಿಸುವಂತಿಲ್ಲ.

9. ಸಮಾರೋಪ

ಎಂಟು ಹತ್ತು ಸಂದರ್ಶನಗಳಷ್ಟೇ ಇರುವ ಚಿಕ್ಕ ಅಧ್ಯಯನಕ್ಕೆ ಬಣ್ಣದ ಪೆನ್ಸಿಲು ಮತ್ತು ಚೀಟಿಗಳು ಇಂದಿಗೂ ಸಾಕು. ಸಾಮಗ್ರಿ ಬೆಳೆದಂತೆ, ಕೆಲಸ ವರ್ಷಗಳಿಗೆ ಹಬ್ಬಿದಂತೆ, ಒಬ್ಬರಿಗಿಂತ ಹೆಚ್ಚು ಸಂಶೋಧಕರು ಸೇರಿದಂತೆ ತಂತ್ರಾಂಶದ ಅಗತ್ಯ ಹೆಚ್ಚುತ್ತದೆ. ಅದು ಒಳನೋಟವನ್ನು ಕೊಡುವುದಿಲ್ಲ. ಒಳನೋಟಕ್ಕೆ ಆಧಾರ ಯಾವುದೆಂದು ಕೇಳಿದಾಗ ತೋರಿಸಲು ನೆರವಾಗುತ್ತದೆ. ಕನ್ನಡ ವಿಭಾಗಗಳ ಸಂಶೋಧನಾ ವಿಧಾನದ ಪಠ್ಯಕ್ರಮದಲ್ಲಿ ಇದಕ್ಕೆ ಕೆಲವು ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಸೇರಿಸುವುದು, ಪ್ರಬಂಧಗಳೊಡನೆ ಸಂಕೇತಕೋಶವನ್ನು ಸಲ್ಲಿಸುವಂತೆ ಪ್ರೋತ್ಸಾಹಿಸುವುದು, ಆಡುಮಾತಿನ ಬರಹರೂಪಕ್ಕೆ ವಿಭಾಗದ ಮಟ್ಟದಲ್ಲಿ ಒಂದು ನಿಯಮಾವಳಿಯನ್ನು ರೂಪಿಸಿಕೊಳ್ಳುವುದು ಈ ದಿಕ್ಕಿನಲ್ಲಿ ಸಾಧ್ಯವಿರುವ ಮೂರು ಹೆಜ್ಜೆಗಳು. ಅವುಗಳಲ್ಲಿ ಕೊನೆಯದು ಯಾವ ತಂತ್ರಾಂಶವನ್ನೂ ಬೇಡುವುದಿಲ್ಲ, ಆದರೆ ಉಳಿದೆರಡೂ ನಿಲ್ಲುವುದು ಅದರ ಮೇಲೆಯೇ.